ಅರ್ಮೇನಿಯಾ ಪ್ಯಾಕೇಜಿಗೆ ದುಡ್ಡು ಕಟ್ಟಿದವರು ಮೊದಲು ಇದನ್ನು ಓದಿ

ಅರ್ಮೇನಿಯಾ ಮೂಲಕ ದುಬೈಗೆ ಹೋಗಲು ನೀವು ಯಾವುದಾದರೂ ಏಜೆಂಟಿಗೆ ದುಡ್ಡು ಕಟ್ಟಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಇದು 2021ರ ಜುಲೈ ತಿಂಗಳಲ್ಲಿ, ಭಾರತದಿಂದ ನೇರ ದುಬೈಗೆ ಬಿಡದ ಸಮಯದಲ್ಲಿ ಬರೆಯುತ್ತಿರುವುದು. ನಿಮ್ಮ ಮೊಬೈಲಿಗೆ ಬಂದಿರುವ ಆ ಪಿಡಿಎಫ್ ಟಿಕೆಟ್ ಅಲ್ಲದೇ ಇರಬಹುದು. ನನಗೆ ಬಂದದ್ದು ಟಿಕೆಟ್ ಆಗಿರಲಿಲ್ಲ. 14 ದಿನ ಅದರ ಪ್ರಿಂಟನ್ನು ಪಾಸ್‌ಪೋರ್ಟಿನೊಳಗೆ ಮಡಚಿಟ್ಟುಕೊಂಡು ತಿರುಗಿದೆ. ಅದು ಬರೀ ಕಾಗದ ಅಂತ ಗೊತ್ತಾದದ್ದು ಹೊರಡಲು ಎರಡು ದಿನ ಇರುವಾಗ.

ಮೊದಲೇ ಹೇಳಿಬಿಡುತ್ತೇನೆ. "ಕೊರೊನಾ ಸಮಯದಲ್ಲಿ ಮನೆಯಲ್ಲಿ ಸುಮ್ನೆ ಇರಬಾರದಿತ್ತಾ" ಅಂತ ನೆಂಟರಲ್ಲೇ ತುಂಬ ಜನ ಕೇಳಿದ್ದಾರೆ. ಇರಬಹುದಿತ್ತು. ಆದರೆ ನನ್ನ ಇನ್ನೊಂದು ಮನೆ ದುಬೈಯಲ್ಲಿದೆ. ಇಂಟರ್‌ನ್ಯಾಷನಲ್ ಸಿಟಿಯಲ್ಲಿ ಒಂದು ಬೆಡ್‌ರೂಮಿನ ಫ್ಲ್ಯಾಟ್, 2012ರಲ್ಲಿ ತೆಗೆದುಕೊಂಡದ್ದು. 23 ವರ್ಷ ಅಲ್ಲಿ ದುಡಿದು ಮಾಡಿದ ಆಸ್ತಿ ಅಂದರೆ ಅದೊಂದೇ. ಫೆಬ್ರವರಿಯಲ್ಲಿ ತಂಗಿ ಮಗಳ ಮದುವೆಗೆ ಅಂತ ಕುಂದಾಪುರಕ್ಕೆ ಬಂದೆವು. ಏಪ್ರಿಲ್ 24ರ ರಾತ್ರಿಯಿಂದ ಯುಎಇ ಭಾರತದ ಪ್ರಯಾಣಿಕರನ್ನು ನಿಲ್ಲಿಸಿಬಿಟ್ಟಿತು. ಹತ್ತು ದಿನ ಅಂದರು, ಆಮೇಲೆ ಮುಂದೂಡುತ್ತಾ ಹೋದರು. ಆಗಸ್ಟ್ ಬಂದರೆ ನಾವು ಹೊರಬಂದು ಆರು ತಿಂಗಳು ತುಂಬುತ್ತದೆ, ವೀಸಾ ಉಳಿಯುತ್ತದೋ ಇಲ್ಲವೋ ಅನ್ನುವ ಹೆದರಿಕೆ. ಅದರ ಮೇಲೆ ಜೂನ್ ಮೊದಲ ವಾರ ಬಿಲ್ಡಿಂಗಿನ ನಾತೂರ್ (ಕಾವಲುಗಾರ) ಫೋನ್ ಮಾಡಿ, ನಮ್ಮ ಎಸಿಯ ನೀರು ಕೆಳಗಿನ ಮನೆಯ ಸೀಲಿಂಗಿಗೆ ಇಳಿಯುತ್ತಿದೆ, ಅವರು ಗಲಾಟೆ ಮಾಡುತ್ತಿದ್ದಾರೆ ಅಂದ. ಬೀಗ ಹಾಕಿದ ಮನೆ. ಕೀ ನನ್ನ ಹತ್ತಿರ.

ಜೂನ್ 19ಕ್ಕೆ ದುಬೈ ಹೊಸ ನಿಯಮ ಹೇಳಿತು, 23ರಿಂದ ಬಿಡುತ್ತಾರೆ ಅಂತಾಯಿತು. ನನ್ನ ಹೆಂಡತಿ ಬ್ಯಾಗಿಗೆ ಉಪ್ಪಿನಕಾಯಿ ಕೂಡ ತುಂಬಿದಳು. 23 ಬಂತು, ವಿಮಾನ ಬರಲಿಲ್ಲ. ಆವತ್ತೇ ಸಂಜೆ ಏಜೆಂಟಿಗೆ ಫೋನ್ ಮಾಡಿದೆ. ನಮ್ಮೂರ ಕಡೆಯವನೇ. ಹೆಸರು ಇಲ್ಲಿ ಹಾಕುವುದಿಲ್ಲ, ದೂರು ಬೇರೆ ಕಡೆ ಕೊಟ್ಟಾಗಿದೆ.

ವ್ಯವಹಾರ ಹೇಗೆ ಅಂತ ನಿಮಗೆಲ್ಲ ಗೊತ್ತೇ ಇದೆ. ಯುಎಇಗೆ ಹೋಗುವವರು ಹಿಂದಿನ 14 ದಿನ ಭಾರತದಲ್ಲಿ ಇರಬಾರದು, ಹಾಗಾಗಿ ಬೇರೆ ದೇಶದಲ್ಲಿ 14 ದಿನ ಕೂತು ಅಲ್ಲಿಂದ ಹಾರಬೇಕು. ನೇಪಾಳದ ದಾರಿ ಏಪ್ರಿಲ್ ಕೊನೆಗೇ ಮುಚ್ಚಿತ್ತು, ಮಾಲ್ಡೀವ್ಸ್ ಮೇ ತಿಂಗಳಲ್ಲಿ ಮುಚ್ಚಿತು. ಉಳಿದದ್ದರಲ್ಲಿ ಅರ್ಮೇನಿಯಾ ಸುಲಭ ಅಂದ. ಒಬ್ಬರಿಗೆ 1,35,000. ದೆಹಲಿಯಿಂದ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ಗೆ ಚಾರ್ಟರ್ ವಿಮಾನ, 14 ರಾತ್ರಿ ಹೋಟೆಲ್, ಬೆಳಿಗ್ಗೆ ತಿಂಡಿ, ಪಿಸಿಆರ್ (ಕೊರೊನಾ ಟೆಸ್ಟ್), ಯೆರೆವಾನ್‌ನಿಂದ ದೋಹಾ ಮೇಲೆ ದುಬೈಗೆ ಟಿಕೆಟ್, ಎಲ್ಲ ಸೇರಿ. "ನೀವು ಬ್ಯಾಗ್ ಹಿಡ್ಕೊಂಡು ಹೊರಡಿ ಸಾರ್, ಉಳಿದದ್ದು ನಂಗೆ ಬಿಡಿ" ಅಂದ. ಅವನಿಗೇ ಬಿಟ್ಟೆ.

ನಮ್ಮ ಜೊತೆ ಪಕ್ಕದ ಮನೆಯ ಹುಡುಗನೂ ಹೊರಟ. ಶಾರ್ಜಾದಲ್ಲಿ ಕೆಲಸ, ಕಂಪನಿಯವರು ಜುಲೈ ಒಳಗೆ ಬಾ ಅಂದಿದ್ದರು. ಅವನ ಅಮ್ಮ ಸೊಸೈಟಿಯಲ್ಲಿ ಬಳೆ ಅಡವಿಟ್ಟು ದುಡ್ಡು ಹೊಂದಿಸಿದರು. ಏಜೆಂಟ್ ಹೇಗೆ ಅಂತ ಅವರು ಕೇಳಿದ್ದು ನನ್ನನ್ನು. ನಾನು "ಏನೂ ಹೆದರಬೇಡಿ, ನಾನೂ ಅವನ ಹತ್ತಿರವೇ ಮಾಡಿಸಿದ್ದು" ಅಂದಿದ್ದೆ. ಈ ಮಾತು ನೆನಪಾದರೆ ಈಗಲೂ ನಿದ್ದೆ ಬರುವುದಿಲ್ಲ.

ಜೂನ್ 28ರ ಬೆಳಿಗ್ಗೆ ಯೆರೆವಾನ್‌ನಲ್ಲಿ ಇಳಿದೆವು. ಊರಿನ ಬಗ್ಗೆ ಒಂದು ಕೆಟ್ಟ ಮಾತೂ ಇಲ್ಲ. ಒಳ್ಳೆಯ ಜನ. ಬೀದಿಬೀದಿಯಲ್ಲಿ ತಣ್ಣಗಿನ ಕುಡಿಯುವ ನೀರಿನ ಚಿಲುಮೆ, ಮಾರ್ಕೆಟ್ ತುಂಬ ಏಪ್ರಿಕಾಟ್ ಹಣ್ಣು. ಹೋಟೆಲಿನಲ್ಲೂ ನಮ್ಮಂಥವರೇ ಜಾಸ್ತಿ, ಮಲಯಾಳಿಗಳು, ತೆಲುಗಿನವರು, ಎಲ್ಲರೂ ದಿನ ಎಣಿಸುವವರು. ನಾನಂತೂ ದಿನಕ್ಕೊಮ್ಮೆ ಆ ಪ್ರಿಂಟ್ ತೆಗೆದು ನೋಡುತ್ತಿದ್ದೆ. ಜುಲೈ 13, ನಮ್ಮ ಮೂವರ ಹೆಸರು, ಆರು ಅಕ್ಷರದ ಪಿಎನ್‌ಆರ್, ಕನ್ಫರ್ಮ್ಡ್ ಅಂತ ಹಸಿರು ಬಣ್ಣದಲ್ಲಿ.

ಜುಲೈ 11 ಭಾನುವಾರ ಅಲ್ಲಿ ವರ್ದವಾರ್ ಹಬ್ಬ. ನಮಗೆ ಗೊತ್ತಿರಲಿಲ್ಲ. ಹಾದಿಯಲ್ಲಿ ಸಿಕ್ಕವರಿಗೆಲ್ಲ ನೀರು ಎರಚುವ ಹಬ್ಬ ಅದು. ಬ್ರೆಡ್ ತರಲು ಹೋದವನ ಮೇಲೆ ಮಕ್ಕಳು ಒಂದು ಬಕೆಟ್ ನೀರು ಸುರಿದರು. ಜೇಬಿನಲ್ಲಿದ್ದ ಪಾಸ್‌ಪೋರ್ಟಿನ ಕವರ್ ಒದ್ದೆ, ಒಳಗಿನ ಪ್ರಿಂಟಿನ ಶಾಯಿ ಹರಡಿ ಹೋಯಿತು. ಇನ್ನೊಂದು ಪ್ರಿಂಟ್ ಕೊಡಮ್ಮಾ ಅಂತ ರಿಸೆಪ್ಷನ್ನಿನ ಹುಡುಗಿಗೆ ಪಿಡಿಎಫ್ ಕಳಿಸಿದೆ. ಅವಳು ಪ್ರಿಂಟ್ ಕೊಟ್ಟವಳು, ಹಾಗೇ ಒಮ್ಮೆ ಕಾಗದ ನೋಡಿ, ಟಿಕೆಟ್ ನಂಬರ್ ಎಲ್ಲಿ ಅಂತ ಕೇಳಿದಳು. ನಾನು ಪಿಎನ್‌ಆರ್ ತೋರಿಸಿದೆ. ಅದಲ್ಲ ಅಂದಳು. ತನ್ನ ಕಂಪ್ಯೂಟರಿನಲ್ಲಿ ವಿಮಾನ ಕಂಪನಿಯ ಸೈಟ್ ತೆರೆದು ಆರು ಅಕ್ಷರ, ನನ್ನ ಹೆಸರು ಹಾಕಿದಳು. ಬುಕಿಂಗ್ ಇಲ್ಲ ಅಂತ ಬಂತು. ಮತ್ತೊಮ್ಮೆ ಹಾಕಿದಳು. ಅದೇ ಬಂತು. ಮೂರನೇ ಸಲ ನಾನೇ ಒಂದೊಂದೇ ಅಕ್ಷರ ಒತ್ತಿದೆ. ಬಟ್ಟೆಯಿಂದ ನೀರು ಅವಳ ಟೇಬಲ್ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಏನೂ ಮಾತಾಡದೆ ಟಿಶ್ಯೂ ಡಬ್ಬಿ ನನ್ನ ಕಡೆ ಸರಿಸಿದಳು. ನನ್ನ ಪಕ್ಕದಲ್ಲಿ ಆ ಹುಡುಗ ನಿಂತಿದ್ದ. "ಮಾವ, ನನ್ನದೂ ಹಾಗೆಯಾ?" ಅಂತ ಕೇಳಿದ.

ವಿಮಾನ ಕಂಪನಿಗೆ ಫೋನ್ ಮಾಡಿದರೆ ಅವರು ಹೇಳಿದ್ದು ಇಷ್ಟು. ಆ ಬುಕಿಂಗ್ ಮಾಡಿದ್ದು ನಿಜ, ಸೀಟು ಹಿಡಿದಿಟ್ಟದ್ದೂ ನಿಜ, ಆದರೆ ದುಡ್ಡು ಕಟ್ಟಿ ಟಿಕೆಟ್ ತೆಗೆಯಲೇ ಇಲ್ಲ, ಹಾಗಾಗಿ ಜೂನ್ 30ಕ್ಕೆ ತಾನಾಗಿಯೇ ರದ್ದಾಗಿದೆ. ನಾವು ಯೆರೆವಾನ್‌ಗೆ ಬಂದು ಎರಡೇ ದಿನ ಆಗಿತ್ತು! ಉಳಿದಷ್ಟೂ ದಿನ ನಾವು ಎಣಿಸುತ್ತಾ ಕೂತದ್ದು ಇಲ್ಲದ ವಿಮಾನಕ್ಕೆ.

ಏಜೆಂಟಿಗೆ ಫೋನ್. ಮೊದಲ ಉತ್ತರ, "ಸಿಸ್ಟಂ ಪ್ರಾಬ್ಲಂ ಇರ್ಬೇಕು ಸಾರ್, ಪಿಎನ್‌ಆರ್ ಕಳಿಸಿದ್ದೇನಲ್ಲ." ಟಿಕೆಟ್ ನಂಬರ್ ಕೊಡಪ್ಪಾ ಅಂದೆ. "ಈಗ ಸಂಡೇ ಅಲ್ವಾ, ನಾಳೆ ಬೆಳಿಗ್ಗೆ ಇಶ್ಯೂ ಆಗ್ತದೆ. ನೀವು ಪಿಸಿಆರ್ ಮಾಡಿಸಿಬಿಡಿ, ಟೈಮ್ ಹೋಗ್ತದೆ." ಸೋಮವಾರ ಬೆಳಿಗ್ಗೆ ಪಿಸಿಆರ್ ಮಾಡಿಸಿದೆವು. ಹೌದು, ಅಷ್ಟೆಲ್ಲ ಆದ ಮೇಲೂ ಅವನ ಮಾತು ನಂಬಿದೆ, ಹೆಂಡತಿ ಬೇಡ ಅಂದರೂ ನಂಬಿದೆ. 72 ಗಂಟೆ ಮಾತ್ರ ನಡೆಯುವ ರಿಪೋರ್ಟು ಅದು, ದುಡ್ಡು ನೀರಿಗೆ ಹಾಕಿದ ಹಾಗಾಯಿತು. ಸೋಮವಾರ ಮಧ್ಯಾಹ್ನದ ಉತ್ತರ ಬೇರೆ. "ಏರ್‌ಲೈನ್ಸ್‌ನವರೇ ಕ್ಯಾನ್ಸಲ್ ಮಾಡಿದ್ದು ಸಾರ್, ಕೊರೊನಾ ಅಲ್ವಾ, ನಮ್ಮ ಕೈಯಲ್ಲಿ ಏನುಂಟು?" ಅವರು ಹೇಳಿದ್ದನ್ನು ಹೇಳಿದೆ, ನೀನು ದುಡ್ಡೇ ಕಟ್ಟಿಲ್ಲವಂತಲ್ಲ ಅಂದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ, "ಮೇಲಿನ ಏಜೆಂಟಿಗೆ ನಾನು ಕಟ್ಟಿದ್ದೇನೆ, ಅವನು ಕಟ್ಲಿಲ್ಲ ಅಂದ್ರೆ ನಾನೇನು ಮಾಡ್ಲಿ ಮಾರಾಯ್ರೆ?"

ಈ ಮೇಲಿನ ಏಜೆಂಟ್ ಯಾರು? ಎಲ್ಲಿಯವನು? ನಾನು ದುಡ್ಡು ಕೊಟ್ಟದ್ದು ಇವನಿಗೆ. ಮೇಲಿನವನನ್ನು ನಾನು ನೋಡಿಲ್ಲ, ಅವನ ಹೆಸರೂ ಕೇಳಿಲ್ಲ.

ರಾತ್ರಿ ವಾಟ್ಸಾಪ್ ತೆರೆದರೆ ಅವನು ಮೊದಲು ಕಳಿಸಿದ್ದ "ರಿಟರ್ನ್ ಕನ್ಫರ್ಮ್, ಫುಲ್ ಪೇಯ್ಡ್" ಅನ್ನುವ ಮೆಸೇಜ್ ಅಳಿಸಿಬಿಡಬೇಕು ಅಂತ ಪ್ರಯತ್ನಪಟ್ಟಿದ್ದ ಅಂತ ಕಾಣುತ್ತದೆ, ಹೊಸ ಮೆಸೇಜುಗಳೆಲ್ಲ ಡಿಲೀಟ್ ಆಗಿದ್ದವು, ಇದೂ ಸೇರಿ ಹಳೆಯವು ಉಳಿದಿದ್ದವು. ಆಗಲೇ ಎಲ್ಲ ಸ್ಕ್ರೀನ್‌ಶಾಟ್ ತೆಗೆದಿಟ್ಟೆ. ಮಂಗಳವಾರದಿಂದ ಫೋನ್ ಎತ್ತಲಿಲ್ಲ. ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ.

ಕೊನೆಗೆ ನಾನೇ ಕಾರ್ಡ್ ಉಜ್ಜಿ ಜುಲೈ 16ಕ್ಕೆ ಮೂರು ಟಿಕೆಟ್ ತೆಗೆದೆ. 1,41,000 ರೂಪಾಯಿ. ಬಕ್ರೀದ್ ಹತ್ತಿರ, ಕೇಳಿದ ರೇಟು ಕೊಡಬೇಕು. ಇನ್ನೂ ನಾಲ್ಕು ರಾತ್ರಿಯ ಹೋಟೆಲ್, ಮತ್ತೊಮ್ಮೆ ಪಿಸಿಆರ್. ಹುಡುಗನ ಟಿಕೆಟ್ ನಾನೇ ಕೊಟ್ಟೆ. ಅವನು ಬೇಡ ಅಂದ, ಸಂಬಳದಲ್ಲಿ ತೀರಿಸುತ್ತೇನೆ ಅಂದ. ಅವನಿಂದ ತೆಗೆದುಕೊಳ್ಳುವ ಮುಖ ನನಗಿಲ್ಲ. ಊರಿನಲ್ಲಿ ಅವನ ಅಮ್ಮನಿಗೆ ಇನ್ನೂ ಹೇಳಿಲ್ಲ, ವಿಮಾನ ಮೂರು ದಿನ ಲೇಟ್ ಅಂತ ಮಾತ್ರ ಹೇಳಿದ್ದೇವೆ.

ದುಬೈಗೆ ಬಂದ ಮೇಲೆ ಏಜೆಂಟಿನ ಮೆಸೇಜ್ ಬಂತು. "ಸೇಫಾಗಿ ರೀಚ್ ಆದ್ರಲ್ಲ ಸಾರ್, ಅದೇ ಮುಖ್ಯ. ನಿಮ್ಮ ಅಮೌಂಟ್ ಮುಂದಿನ ಟಿಕೆಟಲ್ಲಿ ಅಡ್ಜಸ್ಟ್ ಮಾಡುವ. ನೀವು ಹಿರಿಯರು, ಪೊಲೀಸ್ ಗಿಲೀಸ್ ಅಂತ ಹೋಗ್ಬೇಡಿ." ಓದಿ ಕೈ ನಡುಗಿತು. ಮುಂದಿನ ಟಿಕೆಟ್ ಅಂತೆ! ಊರಿನಲ್ಲಿರುವ ತಮ್ಮ ಎಲ್ಲ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋಗಿ ದೂರು ಕೊಟ್ಟು ಬಂದಿದ್ದಾನೆ. ಅಲ್ಲಿ ಮೊದಲು ಕೇಳಿದ್ದು ಬಿಲ್ ಎಲ್ಲಿ ಅಂತ. ಬಿಲ್ ಇಲ್ಲ. ಮೂರು ಸಲ ಗೂಗಲ್ ಪೇ ಮಾಡಿದ್ದೆ, ಅದೂ ಅಂಗಡಿಯ ಖಾತೆಗಲ್ಲ, ಅವನ ಸ್ವಂತ ನಂಬರಿಗೆ. ಕೇಳಿದಾಗ "ಜಿಎಸ್‌ಟಿ ಉಳೀತದೆ ಸಾರ್" ಅಂದಿದ್ದ.

ಪಿಎನ್‌ಆರ್ ಅಂದರೆ ಟಿಕೆಟ್ ಅಲ್ಲ. ಸೀಟು ಹಿಡಿದಿಟ್ಟರೂ ಪಿಎನ್‌ಆರ್ ಬರುತ್ತದೆ. ಇಂಥ ವಿಮಾನಗಳಲ್ಲಿ ದುಡ್ಡು ಕಟ್ಟಿದ ಟಿಕೆಟಿಗೆ 13 ಅಂಕಿಯ ನಂಬರ್ ಇರುತ್ತದೆ. ಅದು ಕಾಣದಿದ್ದರೆ ಏಜೆಂಟನ್ನು ಕೇಳುತ್ತಾ ಕೂರಬೇಡಿ, ನೇರ ವಿಮಾನ ಕಂಪನಿಗೇ ಫೋನ್ ಮಾಡಿ, ಟಿಕೆಟ್ ಇಶ್ಯೂ ಆಗಿದೆಯಾ ಅಂತ ಇದೇ ಮಾತಲ್ಲಿ ಕೇಳಿ. ಭಾರತ ಬಿಡುವ ಮೊದಲು ಕೇಳಿ, ಅಲ್ಲಿ ಹೋಗಿ ಕೂತ ಮೇಲೆ ಅಲ್ಲ. ಸಾಧ್ಯವಾದರೆ ಎರಡನೇ ವಿಮಾನದ ಟಿಕೆಟನ್ನು ನೀವೇ ತೆಗೆಯಿರಿ. ಸ್ವಂತ ನಂಬರಿಗೆ ದುಡ್ಡು ಹಾಕಬೇಡಿ, ಎಷ್ಟೇ ಪರಿಚಯದವನಾಗಿರಲಿ. ನಾನು ಪರಿಚಯ ನೋಡಿಯೇ ಹಾಕಿದ್ದು.

ಕೆಳಗಿನ ಮನೆಯ ಸೀಲಿಂಗ್ ರಿಪೇರಿ ನಾಳೆಯಿಂದ ಶುರು, ಅದರ ಖರ್ಚು ಬೇರೆ. ಅದಿರಲಿ. ಈ ಏಜೆಂಟ್ ಜುಲೈ 24ಕ್ಕೆ ಇನ್ನೊಂದು ಬ್ಯಾಚ್ ಕಳಿಸುತ್ತಿದ್ದಾನೆ ಅಂತ ಕೇಳಿದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆಯಿಂದ ಯಾರಾದರೂ 24ಕ್ಕೆ ದೆಹಲಿ ಮೇಲೆ ಯೆರೆವಾನ್‌ಗೆ ಹೊರಡುವವರಿದ್ದರೆ ಅವರಿಗೆ ಇದನ್ನು ತಲುಪಿಸಿ. ಇವತ್ತೇ ತಲುಪಿಸಿ, ಅವರಿಗೆ ಇನ್ನೂ ಟೈಮ್ ಇದೆ.