29 ಇಂಚೋ, 34 ಇಂಚೋ, ಎರಡು 24 ಇಂಚೋ: ನನ್ನ ಮೇಜಿಗೆ ಬಂದ ಅಲ್ಟ್ರಾವೈಡ್ ಮಾನಿಟರ್

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 29 ಇಂಚಿನ ಅಲ್ಟ್ರಾವೈಡ್‌ಗೆ, ಅಂದರೆ ಮಾಮೂಲಿಗಿಂತ ಅಗಲಕ್ಕೆ ಹೆಚ್ಚು ಚಾಚಿಕೊಂಡ ಮಾನಿಟರಿಗೆ. 2560×1080 ರೆಸಲ್ಯೂಷನ್ (ಅಡ್ಡಕ್ಕೆ 2560, ಎತ್ತರಕ್ಕೆ 1080 ಪಿಕ್ಸೆಲ್ ಅಥವಾ ಚುಕ್ಕೆ), ಪಕ್ಕದಿಂದ ನೋಡಿದರೂ ಬಣ್ಣ ಬದಲಾಗದ ಐಪಿಎಸ್ ಪ್ಯಾನೆಲ್, ಬಾಗಿರದ ನೇರ ಸ್ಕ್ರೀನ್. ಬಳಸುತ್ತಾ ಹೋದಷ್ಟೂ ಇದರ ಮೇಲೆ ಪ್ರೀತಿ ಜಾಸ್ತಿಯಾಗುತ್ತಿದೆ.

ಇದನ್ನು ಕೊಳ್ಳುವ ಮೊದಲು ಉಳಿದ ಮೂರು ಬಗೆಗಳ ಮುಂದೆಯೂ ಕೂತು ನಿಜವಾದ ಕೆಲಸ ಮಾಡಿದ್ದೆ. ಹಳೆಯ ಆಫೀಸಿನಲ್ಲಿ ನನಗೆ ಎರಡು 24 ಇಂಚಿನ ಮಾನಿಟರ್ ಕೊಟ್ಟಿದ್ದರು. ಗೆಳೆಯನೊಬ್ಬ ಊರಿಗೆ ಹೋಗುವಾಗ ತನ್ನ 34 ಇಂಚಿನ ಮಾನಿಟರನ್ನು ನನ್ನ ಮನೆಯಲ್ಲಿ ಬಿಟ್ಟು ಹೋಗಿದ್ದ. ಅದೂ 2560×1080. ಬೆಂಗಳೂರಿನ ಭಾವನ ಮನೆಯಲ್ಲಿ 34 ಇಂಚಿನ 3440×1440 ಬಾಗಿದ ಸ್ಕ್ರೀನ್ ಇದೆ. ಅಲ್ಲಿ ಉಳಿದುಕೊಂಡಾಗಲೆಲ್ಲ ನನ್ನ ಲ್ಯಾಪ್‌ಟಾಪನ್ನು ಅದಕ್ಕೇ ಸಿಕ್ಕಿಸಿಕೊಳ್ಳುತ್ತೇನೆ.

ನನ್ನ ಕೆಲಸ ಏನು ಅಂತ ಹೇಳದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುತ್ತೇನೆ, ಕನ್ನಡ ಪುಸ್ತಕಗಳ ಕರಡು ತಿದ್ದುತ್ತೇನೆ, ತಿಂಗಳ ಕೊನೆಗೆ ಎಕ್ಸೆಲ್‌ನಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಅದೇ ಸ್ಕ್ರೀನಿನಲ್ಲಿ ಮನೆಯವರೆಲ್ಲ ಸಿನಿಮಾ ನೋಡುತ್ತೇವೆ. ಮೇಜು 4 ಅಡಿ ಉದ್ದ, 2 ಅಡಿ ಅಗಲ. ಬಜೆಟ್ 20 ಸಾವಿರ. ಗೇಮ್ ಆಡುವವರ ಲೆಕ್ಕಾಚಾರವೇ ಬೇರೆ, ಅದರ ಗೋಜಿಗೆ ನಾನು ಹೋಗುವುದಿಲ್ಲ.

ಅಂಗಡಿಯಲ್ಲಿ ಎಲ್ಲರೂ ಇಂಚಿನ, ಅಂದರೆ ಮೂಲೆಯಿಂದ ಮೂಲೆಗೆ ಅಳೆದ ಸ್ಕ್ರೀನಿನ ಮಾತೇ ಆಡುತ್ತಾರೆ. "ಸರ್, ಇನ್ನೊಂದು ಸ್ವಲ್ಪ ಹಾಕಿದ್ರೆ 34 ಬರುತ್ತೆ" ಅನ್ನುತ್ತಾರೆ. ಆ 34 ಇಂಚಿನದು ಎಷ್ಟು ಪಿಕ್ಸೆಲ್‌ನದು ಅಂತ ಕೇಳದೆ ದುಡ್ಡು ಕೊಡಬೇಡಿ. 2560×1080 ಪಿಕ್ಸೆಲ್‌ಗಳನ್ನು 29 ಇಂಚಿನಲ್ಲಿ ಹರಡಿದರೆ ಒಂದು ಇಂಚಿಗೆ ಸುಮಾರು 96 ಪಿಕ್ಸೆಲ್ ಬೀಳುತ್ತವೆ. ಅಷ್ಟೇ ಪಿಕ್ಸೆಲ್‌ಗಳನ್ನು 34 ಇಂಚಿಗೆ ಎಳೆದರೆ ಸುಮಾರು 82ಕ್ಕೆ ಇಳಿಯುತ್ತದೆ. ನೋಡುವ ಜಾಗ ಒಂದಿಷ್ಟೂ ಹೆಚ್ಚಾಗುವುದಿಲ್ಲ. ಎಕ್ಸೆಲ್‌ನಲ್ಲಿ ಅದೇ ಕಾಲಮ್ಮುಗಳು, ಅಷ್ಟೇ ಸಾಲುಗಳು. ದಪ್ಪಗೆ ಕಾಣುತ್ತವೆ, ಅಷ್ಟೇ.

ಇಂಗ್ಲಿಷ್ ಓದುವವರು ಇದನ್ನು ಹೇಗೋ ಸಹಿಸಿಕೊಳ್ಳಬಹುದು. ಕನ್ನಡಕ್ಕೆ ಅದು ಸಾಲದು. ನಮ್ಮ ಅಕ್ಷರದ ಕೆಳಗೆ ಒತ್ತಕ್ಷರ ಬರುತ್ತದೆ, ಕೆಲವೊಮ್ಮೆ ಒತ್ತಿನ ಕೆಳಗೆ ಇನ್ನೊಂದು ಒತ್ತು. 'ಸ್ವಾತಂತ್ರ್ಯ', 'ರಾಷ್ಟ್ರ' ಅಂತ ಟೈಪ್ ಮಾಡಿ, ಅಕ್ಷರದ ಗಾತ್ರ 11ಕ್ಕಿಟ್ಟು ನೋಡಿ. ಗೆಳೆಯನ 34 ಇಂಚಿನದರಲ್ಲಿ ಕೆಳಗಿನ ಒತ್ತುಗಳೆಲ್ಲ ಒಂದಕ್ಕೊಂದು ಅಂಟಿ, ಮಸಿ ಚುಕ್ಕೆಯಂತೆ ಕಾಣುತ್ತಿದ್ದವು. ಕರಡು ತಿದ್ದುವವರಿಗೆ ಇದು ಸಣ್ಣ ವಿಷಯವಲ್ಲ. 'ಅರ್ಥ'ಕ್ಕೂ 'ಅರ್ಧ'ಕ್ಕೂ ಇರುವ ವ್ಯತ್ಯಾಸ ಥಕಾರದ ಹೊಟ್ಟೆಯೊಳಗಿನ ಒಂದು ಚುಕ್ಕೆ. ಆ ಚುಕ್ಕೆ ಕಾಣಲಿಲ್ಲ ಅಂದರೆ ತಪ್ಪು ಹಾಗೇ ಅಚ್ಚಿಗೆ ಹೋಗುತ್ತದೆ. ಜೂಮ್ 150ಕ್ಕೆ ಏರಿಸಿಕೊಂಡರೆ ಕಾಣುತ್ತದೆ, ನಿಜ. ಆದರೆ ಆಮೇಲೆ ಎರಡು ಪುಟ ಅಕ್ಕಪಕ್ಕ ಹಿಡಿಸುವುದಿಲ್ಲ. ಅಲ್ಟ್ರಾವೈಡ್ ತೆಗೆದುಕೊಂಡದ್ದೇ ಅದಕ್ಕಲ್ವಾ?

ವಿಂಡೋಸ್‌ನಲ್ಲಿ ಅಕ್ಷರದ ಅಂಚನ್ನು ನಯಗೊಳಿಸುವ ಕ್ಲಿಯರ್‌ಟೈಪ್ ಸರಿಮಾಡಿಕೊಂಡರೆ ಕೊಂಚ ವಾಸಿ. ಮ್ಯಾಕ್ ಬಳಸುವವರಿಗೆ ಆ ದಾರಿಯೂ ಇಲ್ಲ. 2018ರ ಮೊಹಾವೆ ಆವೃತ್ತಿಯಿಂದ ಆಪಲ್ ಅಂಥ ಸಬ್‌ಪಿಕ್ಸೆಲ್ ನಯಗೊಳಿಸುವಿಕೆಯನ್ನು ಕೈಬಿಟ್ಟಿದೆ. ಹಾಗಾಗಿ ಕಡಿಮೆ ಪಿಕ್ಸೆಲ್‌ನ ಸ್ಕ್ರೀನಿನಲ್ಲಿ ಮ್ಯಾಕಿನ ಅಕ್ಷರ ಇನ್ನೂ ಮಬ್ಬು. 34 ಇಂಚು, 2560×1080 ಅನ್ನುವ ಜೋಡಿಯನ್ನು ಅಕ್ಷರದ ಕೆಲಸ ಮಾಡುವವರು ಯಾರೂ ತೆಗೆದುಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಗೆಳೆಯ ವಿಡಿಯೊ ಎಡಿಟಿಂಗ್ ಮಾಡುತ್ತಾನೆ. ಅವನಿಗೆ ಟೈಮ್‌ಲೈನ್ ಉದ್ದಕ್ಕೆ ಕಂಡರೆ ಸಾಕು, ಅವನು ಖುಷಿಯಾಗಿದ್ದಾನೆ.

ಎರಡು 24 ಇಂಚಿನ ಜೋಡಿ ಎಲ್ಲಕ್ಕಿಂತ ಅಗ್ಗ. ಪಿಕ್ಸೆಲ್ ಲೆಕ್ಕದಲ್ಲೂ ಅದು ನನ್ನ 2560×1080ಕ್ಕಿಂತ ಮುಂದೆ, ಒಟ್ಟು 3840×1080. ಆದರೆ ಕುತ್ತಿಗೆ ನೇರ ಇಟ್ಟು ಕೂತರೆ ಕಣ್ಣೆದುರು ಬರುವುದು ಎರಡು ಫ್ರೇಮಿನ ನಡುವಿನ ಕಪ್ಪು ಗೆರೆ. ಒಂದನ್ನು ಎದುರಿಗಿಟ್ಟು ಇನ್ನೊಂದನ್ನು ಪಕ್ಕಕ್ಕಿಟ್ಟರೆ ದಿನವಿಡೀ ಕುತ್ತಿಗೆ ಒಂದೇ ಕಡೆ ತಿರುಗಬೇಕು. ಮೂಲ ಒಂದು ಕಡೆ, ಅನುವಾದ ಇನ್ನೊಂದು ಕಡೆ ಇಟ್ಟುಕೊಂಡು ಸಾಲು ಸಾಲಾಗಿ ನೋಡುವ ನನ್ನಂಥವರಿಗೆ ಇದು ಹಿಂಸೆ. ಜೊತೆಗೆ ಎರಡೂ ಸೇರಿ ಸುಮಾರು 43 ಇಂಚು ಅಗಲ. ನನ್ನ ಮೇಜು 48 ಇಂಚು. ನಿಘಂಟು ಇಡಲೂ ಜಾಗ ಉಳಿಯುವುದಿಲ್ಲ. 29 ಇಂಚಿನದರ ಸ್ಕ್ರೀನ್ ಅಗಲ 27 ಇಂಚಿನೊಳಗೆ ಮುಗಿಯುತ್ತದೆ. ಒಂದೇ ಪ್ಲಗ್, ಒಂದೇ ಕೇಬಲ್.

ಭಾವನ 3440×1440 ನಿಜಕ್ಕೂ ಚೆನ್ನಾಗಿದೆ, ಅದನ್ನು ಒಪ್ಪಲೇಬೇಕು. ಇಂಚಿಗೆ 110ರಷ್ಟು ಪಿಕ್ಸೆಲ್. ಒತ್ತು, ದೀರ್ಘ, ಅರ್ಕಾವತ್ತು ಎಲ್ಲ ಅಚ್ಚಿನಂತೆ ಮೂಡುತ್ತವೆ. ಎತ್ತರ ಸುಮಾರು 33 ಸೆಂಟಿಮೀಟರ್ ಇರುವುದರಿಂದ ಒಂದು ಎ4 ಹಾಳೆ ನಿಜವಾದ ಗಾತ್ರದಲ್ಲೇ ತಲೆಯಿಂದ ಬುಡದವರೆಗೆ ಕಾಣುತ್ತದೆ. ನನ್ನ 29 ಇಂಚಿನದರ ಕೊರತೆ ಇರುವುದು ಇಲ್ಲೇ. ಅದರ ಎತ್ತರ 28.6 ಸೆಂಟಿಮೀಟರ್ ಆಸುಪಾಸು, ಎ4 ಹಾಳೆ 29.7. ಅಗಲಕ್ಕೆ ಮೂರು ಹಾಳೆ ಆರಾಮಾಗಿ ಕೂರುತ್ತವೆ, ಆದರೆ ಒಂದು ಹಾಳೆಯೂ ಪೂರ್ತಿ ಎತ್ತರಕ್ಕೆ ನಿಲ್ಲುವುದಿಲ್ಲ. ಮೇಲಿನ ಮೆನು, ಕೆಳಗಿನ ಟಾಸ್ಕ್‌ಬಾರ್ ಕಳೆದರೆ ಇನ್ನೂ ಕಡಿಮೆ. ನಾನು ಟಾಸ್ಕ್‌ಬಾರ್ ತಾನಾಗಿ ಅಡಗುವಂತೆ ಮಾಡಿದ್ದೇನೆ, ವರ್ಡ್‌ನ ರಿಬ್ಬನ್ ಮಡಚಿಟ್ಟಿದ್ದೇನೆ. ಅನುವಾದಕ್ಕೆ ಅಷ್ಟು ಸಾಕು. ಪುಟವಿನ್ಯಾಸ ಮಾಡುವವರಿಗೆ ಸಾಲದು, ಅವರು 1440ಕ್ಕೇ ಹೋಗಲಿ.

ಹಾಗಾದರೆ ನಾನ್ಯಾಕೆ ಅದನ್ನು ತೆಗೆದುಕೊಳ್ಳಲಿಲ್ಲ? ಒಂದು, ಬೆಲೆ. ಒಳ್ಳೆಯದು ಬೇಕೆಂದರೆ ನನ್ನ ಬಜೆಟ್ಟಿನ ಒಂದೂವರೆ ಪಟ್ಟು ಬೇಕಿತ್ತು. ಎರಡು, ನನ್ನ ಲ್ಯಾಪ್‌ಟಾಪ್ ಹಳೆಯದು. ಮಾನಿಟರಿಗೆ ಚಿತ್ರ ಕಳಿಸುವ ಅದರ ಎಚ್‌ಡಿಎಂಐ ಪೋರ್ಟ್ ಹಳೆಯ 1.4 ಆವೃತ್ತಿಯ ಕಾಲದ್ದು. ಭಾವನ ಮಾನಿಟರಿಗೆ ಸಿಕ್ಕಿಸಿದರೆ 3440×1440ಕ್ಕೆ 50 ಹರ್ಟ್ಸ್ (ಸೆಕೆಂಡಿಗೆ ಚಿತ್ರ ಬದಲಾಗುವ ಸಲ) ಮಾತ್ರ ಸಿಗುತ್ತದೆ, ಮೌಸ್ ಎಳೆದಾಗ ಆ ತಡವರಿಕೆ ಕೈಗೇ ಗೊತ್ತಾಗುತ್ತದೆ. ಮಾನಿಟರ್ 100 ಹರ್ಟ್ಸ್‌ನದು, ಆದರೆ ಅಷ್ಟು ತಳ್ಳುವ ಶಕ್ತಿ ನನ್ನ ಪೋರ್ಟಿಗಿಲ್ಲ. ಹೊಸ ಲ್ಯಾಪ್‌ಟಾಪಿನಲ್ಲಿ ಯುಎಸ್‌ಬಿ-ಸಿ ಇದೆಯಲ್ಲ ಅನ್ನಬಹುದು. ಆ ಪೋರ್ಟ್ ಇದ್ದ ಮಾತ್ರಕ್ಕೆ ಚಿತ್ರ ಬರುತ್ತದೆ ಅಂತಿಲ್ಲ, ಅದರಲ್ಲಿ ಮಾನಿಟರಿಗೆ ಚಿತ್ರ ಕಳಿಸುವ ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್ ಅನ್ನುವ ಸೌಲಭ್ಯ ಇರಬೇಕು. ಕೆಲವು ಲ್ಯಾಪ್‌ಟಾಪಿನಲ್ಲಿ ಅದು ಬರೀ ಚಾರ್ಜಿಂಗ್ ಮತ್ತು ಫೈಲ್ ಸಾಗಿಸಲು ಮಾತ್ರ. 29 ಇಂಚಿನದಕ್ಕೆ ಈ ತಲೆನೋವೇ ಇಲ್ಲ. ಅದೇ ಹಳೆಯ ಪೋರ್ಟಿನಲ್ಲಿ ನನಗೆ 75 ಹರ್ಟ್ಸ್ ಬರುತ್ತಿದೆ.

ಈಗ ಅಲ್ಟ್ರಾವೈಡ್‌ನ ನಿಜವಾದ ಕಿರಿಕಿರಿಗೆ ಬರುತ್ತೇನೆ. ಮೀಟಿಂಗಿನಲ್ಲಿ ಸ್ಕ್ರೀನ್ ಶೇರ್ ಮಾಡುವುದು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ.

ಪ್ರಕಾಶಕರ ಜೊತೆ ನಮಗೆ ಆಗಾಗ ಆನ್‌ಲೈನ್ ಮೀಟಿಂಗ್ ಇರುತ್ತದೆ. ನಾನು ತಿದ್ದಿದ ಕರಡನ್ನು ತೋರಿಸಿ, ಯಾಕೆ ಹೀಗೆ ಬದಲಿಸಿದೆ ಅಂತ ವಿವರಿಸಬೇಕು. ಪೂರ್ತಿ ಸ್ಕ್ರೀನ್ ಶೇರ್ ಮಾಡಿದೆ ಅಂದುಕೊಳ್ಳಿ. ಎದುರಿನವರ ಲ್ಯಾಪ್‌ಟಾಪ್ ಮಾಮೂಲಿ 16:9 ಆಕಾರದ್ದು, ಅಂದರೆ ಅಗಲ 16 ಪಾಲಾದರೆ ಎತ್ತರ 9 ಪಾಲು. ನನ್ನ ಉದ್ದನೆಯ ಸ್ಕ್ರೀನ್ ಅವರಲ್ಲಿ ಪಂಚೆಯ ಅಂಚಿನ ಹಾಗೆ ಒಂದು ಪಟ್ಟಿಯಾಗಿ ಕೂರುತ್ತದೆ. ಮೇಲೆ ಕೆಳಗೆ ಕಪ್ಪು. 1366 ಪಿಕ್ಸೆಲ್ ಅಗಲದ ಹಳೆಯ ಲ್ಯಾಪ್‌ಟಾಪ್ ಆದರೆ ನನ್ನ 2560 ಪಿಕ್ಸೆಲ್‌ಗಳು ಅರ್ಧದಷ್ಟಕ್ಕೆ ಕುಗ್ಗುತ್ತವೆ. ಮೊಬೈಲಿನಲ್ಲಿ ಸೇರಿಕೊಂಡವರ ಪಾಡು ಕೇಳಲೇಬೇಡಿ. "ಸರ್, ಅಕ್ಷರ ಕಾಣ್ತಿಲ್ಲ, ಸ್ವಲ್ಪ ದೊಡ್ಡದು ಮಾಡ್ತೀರಾ" ಅನ್ನುವ ಮಾತು ಪ್ರತಿ ಮೀಟಿಂಗಿನಲ್ಲೂ ಬರುತ್ತಿತ್ತು. ಎರಡು 24 ಇಂಚಿನ ಜೋಡಿಯಲ್ಲಿ ಈ ತೊಂದರೆಯೇ ಇರಲಿಲ್ಲ. ಒಂದು ಮಾನಿಟರ್ ಶೇರ್ ಮಾಡಿ, ಇನ್ನೊಂದರಲ್ಲಿ ನಮ್ಮ ಟಿಪ್ಪಣಿ ಇಟ್ಟುಕೊಳ್ಳುತ್ತಿದ್ದೆವು. ಈ ಒಂದು ವಿಷಯದಲ್ಲಿ ಆ ಜೋಡಿಯೇ ಗೆದ್ದಿತು.

ಒಂದೇ ವಿಂಡೋ ಶೇರ್ ಮಾಡಿದರಾಯಿತು ಅನ್ನಿಸಬಹುದು. ಮಾಡಿದೆ. ವರ್ಡ್‌ನಿಂದ ಪಿಡಿಎಫ್‌ಗೆ ಹೋಗಬೇಕು ಅಂದಾಗ ಶೇರಿಂಗ್ ನಿಲ್ಲಿಸಿ, ಮತ್ತೆ ಬೇರೆ ವಿಂಡೋ ಆರಿಸಿ, ಮತ್ತೆ "ಕಾಣ್ತಿದೆಯಾ?" ಅಂತ ಕೇಳಬೇಕು. ಮೂಲವನ್ನೂ ಅನುವಾದವನ್ನೂ ಅಕ್ಕಪಕ್ಕ ತೋರಿಸಲು ಆಗುವುದೇ ಇಲ್ಲ. ಜೂಮ್ ಆ್ಯಪ್‌ನಲ್ಲಿ ಇದಕ್ಕೊಂದು ಒಳ್ಳೆಯ ಉಪಾಯವಿದೆ. ಶೇರ್ ಮಾಡುವಾಗ ಅಡ್ವಾನ್ಸ್ಡ್ ಅನ್ನುವ ಕಡೆ ಹೋದರೆ ಸ್ಕ್ರೀನಿನ ಒಂದು ಭಾಗವನ್ನಷ್ಟೇ ತೋರಿಸುವ ಆಯ್ಕೆ ಸಿಗುತ್ತದೆ. ಒಂದು ಚೌಕಟ್ಟು ಬರುತ್ತದೆ, ಅದನ್ನು ಬೇಕಾದಲ್ಲಿಗೆ ಎಳೆದುಕೊಂಡು ಹಿಗ್ಗಿಸಬಹುದು. ಆದರೆ ನಮ್ಮ ಪ್ರಕಾಶಕರು ಗೂಗಲ್ ಮೀಟ್ ಬಳಸುತ್ತಾರೆ. ಅಲ್ಲಿ ಟ್ಯಾಬ್, ವಿಂಡೋ, ಪೂರ್ತಿ ಸ್ಕ್ರೀನ್ ಇಷ್ಟೇ ಆಯ್ಕೆ.

ಕೆಲವು ಅಲ್ಟ್ರಾವೈಡ್‌ಗಳಲ್ಲಿ ಪಿಬಿಪಿ (ಪಿಕ್ಚರ್ ಬೈ ಪಿಕ್ಚರ್) ಅನ್ನುವ ಸೌಲಭ್ಯ ಇರುತ್ತದೆ. ಒಂದೇ ಲ್ಯಾಪ್‌ಟಾಪಿನಿಂದ ಎರಡು ಕೇಬಲ್ ಕೊಟ್ಟರೆ ಮಾನಿಟರ್ ಎರಡು ಸ್ಕ್ರೀನಾಗಿ ಒಡೆಯುತ್ತದೆ. ಭಾವನದರಲ್ಲಿ ಇದೆ. ನನ್ನದರಲ್ಲಿ ಇಲ್ಲ. ಇದ್ದಿದ್ದರೂ ಎರಡು ಕೇಬಲ್ ಕೊಡಲು ನನ್ನ ಲ್ಯಾಪ್‌ಟಾಪಿನಲ್ಲಿ ಪೋರ್ಟ್ ಇಲ್ಲ.

ಕೊನೆಗೆ ನನಗೆ ಸರಿಹೊಂದಿದ್ದು ತುಂಬಾ ಸರಳವಾದದ್ದು. ಲ್ಯಾಪ್‌ಟಾಪ್ ಮುಚ್ಚಿಡದೆ, ತೆರೆದು ಪಕ್ಕದಲ್ಲಿ ಸ್ಟ್ಯಾಂಡಿನ ಮೇಲಿಡುತ್ತೇನೆ. ಮೀಟಿಂಗಿನಲ್ಲಿ ಲ್ಯಾಪ್‌ಟಾಪಿನ ಸ್ಕ್ರೀನನ್ನು ಮಾತ್ರ ಶೇರ್ ಮಾಡುತ್ತೇನೆ. ತೋರಿಸಬೇಕಾದ ವಿಂಡೋ ಮೇಲೆ ವಿಂಡೋಸ್ ಕೀ, ಶಿಫ್ಟ್ ಮತ್ತು ಬಾಣದ ಕೀ ಒಟ್ಟಿಗೆ ಒತ್ತಿದರೆ ಅದು ಲ್ಯಾಪ್‌ಟಾಪಿಗೆ ಹಾರುತ್ತದೆ. ಮತ್ತೆ ಒತ್ತಿದರೆ ವಾಪಸ್. ಎದುರಿನವರಿಗೆ ಅಕ್ಷರ ಸ್ಪಷ್ಟ, ನನ್ನ ಟಿಪ್ಪಣಿಗಳು ಯಾರಿಗೂ ಕಾಣುವುದಿಲ್ಲ. ಡೆಸ್ಕ್‌ಟಾಪ್ ಕಂಪ್ಯೂಟರ್ ಬಳಸುವವರಿಗೆ ಮಾತ್ರ ಈ ದಾರಿ ಇಲ್ಲ. ದಿನಾ ಸ್ಕ್ರೀನ್ ಶೇರ್ ಮಾಡುವ ಕೆಲಸ, ಮನೆಯಲ್ಲಿ ಡೆಸ್ಕ್‌ಟಾಪ್ ಅಂತಾದರೆ ಎರಡು 24 ಇಂಚಿನದೇ ವಾಸಿ.

ಸಿನಿಮಾ ವಿಷಯ. ನಮ್ಮ ಹೆಚ್ಚಿನ ಸಿನಿಮಾಗಳು ಸ್ಕೋಪ್ ಅಳತೆಯವು, ಅಂದರೆ 2.39:1. ಅಲ್ಟ್ರಾವೈಡ್‌ನಲ್ಲಿ ಅವು ಅಂಚಿನಿಂದ ಅಂಚಿಗೆ ತುಂಬಿಕೊಳ್ಳುತ್ತವೆ. ಆದರೆ ಯೂಟ್ಯೂಬಿಗೆ ಹಾಕುವಾಗ ಕಪ್ಪು ಪಟ್ಟಿ ಸಮೇತ 16:9 ಮಾಡಿ ಹಾಕಿದ್ದರೆ ನಾಲ್ಕೂ ಕಡೆ ಕಪ್ಪು ಬಂದು ಚಿತ್ರ ನಡುವೆ ಕುಗ್ಗಿ ಕೂರುತ್ತದೆ. ಬ್ರೌಸರಿಗೆ ಒಂದು ಎಕ್ಸ್‌ಟೆನ್ಷನ್ ಹಾಕಿಕೊಂಡರೆ ಹಿಗ್ಗಿಸಬಹುದು. ಕ್ರಿಕೆಟ್, ಸೀರಿಯಲ್ಲುಗಳಿಗೆ ಅಕ್ಕಪಕ್ಕ ಕಪ್ಪು ಬಿಟ್ಟು 29 ಇಂಚಿನದು 23 ಇಂಚಿನ ಟಿವಿಯಷ್ಟೇ. ಇದು ಮನೆಯವರಿಗೆ ಅಷ್ಟೇನೂ ಹಿಡಿಸಿಲ್ಲ. 34 ಇಂಚಿನದರಲ್ಲಿ 27 ಇಂಚಿನಷ್ಟು ಸಿಗುತ್ತದೆ. ಕತ್ತಲೆಯ ದೃಶ್ಯಗಳಲ್ಲೂ ಭಾವನ ಮಾನಿಟರಿನ ವಿಎ ಅನ್ನುವ ಇನ್ನೊಂದು ಬಗೆಯ ಪ್ಯಾನೆಲ್ಲಿನ ಕಪ್ಪು ನಿಜವಾದ ಕಪ್ಪು. ನನ್ನ ಐಪಿಎಸ್‌ನಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗುತ್ತದೆ. ಆದರೆ ಮೂರು ಜನ ಅಕ್ಕಪಕ್ಕ ಕೂತು ನೋಡುವಾಗ ಬಣ್ಣ ಬದಲಾಗದಿರುವುದು ಐಪಿಎಸ್‌ನಲ್ಲೇ.

ಬಾಗಿದ ಸ್ಕ್ರೀನ್ 29 ಇಂಚಿಗೆ ಬೇಕಿಲ್ಲ. ಎಚ್‌ಡಿಆರ್ (ಬೆಳಕು-ಕತ್ತಲೆ ಹೆಚ್ಚು ಎದ್ದು ತೋರಿಸುವ ಸೌಲಭ್ಯ) ಅಂತ ಡಬ್ಬಿಯ ಮೇಲೆ ಬರೆದಿರುವುದನ್ನು ಈ ಬೆಲೆಯಲ್ಲಿ ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ. ಎತ್ತರ ಹೊಂದಿಸುವ ಸ್ಟ್ಯಾಂಡ್ ನನ್ನದರಲ್ಲಿಲ್ಲ, ಹಿಂಬದಿಯಲ್ಲಿ ಸ್ಕ್ರೂ ಹಾಕಲು ವೆಸಾ ಅಳತೆಯ ತೂತುಗಳಿವೆ, ಮೇಜಿಗೆ ಬಿಗಿಯುವ ಮಾನಿಟರ್ ತೋಳು ಹಾಕಿಕೊಂಡಿದ್ದೇನೆ.

ಬೆಲೆಯ ಲೆಕ್ಕದಲ್ಲಿ ಒಂದು ಬದಲಾವಣೆ ಗಮನಿಸಬೇಕು. ಮೊದಲು 32 ಇಂಚಿನವರೆಗಿನ ಮಾನಿಟರ್‌ಗಳಿಗೆ ಶೇ. 18 ಜಿಎಸ್‌ಟಿ, ಅದಕ್ಕಿಂತ ದೊಡ್ಡವಕ್ಕೆ ಶೇ. 28 ಇತ್ತು. 2025ರ ಸೆಪ್ಟೆಂಬರ್ 22ರಿಂದ ದೊಡ್ಡವೂ ಶೇ. 18ಕ್ಕೇ ಬಂದಿವೆ. ಅಂದರೆ 34 ಇಂಚಿನದರ ಮೇಲಿದ್ದ ಹೆಚ್ಚುವರಿ ಹೊರೆ ಹೋಗಿದೆ. ಹಳೆಯ ವಿಡಿಯೊಗಳಲ್ಲಿ ಹೇಳಿದ ಬೆಲೆ ನೋಡಿ ತೀರ್ಮಾನಿಸಬೇಡಿ. ಬಜೆಟ್ 30 ಸಾವಿರ ದಾಟುತ್ತದೆ, ಲ್ಯಾಪ್‌ಟಾಪಿನ ಪೋರ್ಟ್ ಹೊಸದು, ಮೇಜಿನ ಮುಂದೆ ಕೈ ಚಾಚುವಷ್ಟು ದೂರ ಕೂರಲು ಜಾಗವಿದೆ ಅಂದರೆ ಭಾವನ ಥರದ್ದೇ ತೆಗೆದುಕೊಳ್ಳಿ. 20ರೊಳಗೆ ಅಂದರೆ ಕಣ್ಣು ಮುಚ್ಚಿ 29.

ಆನ್‌ಲೈನಿನಲ್ಲಿ ತರಿಸುವುದಾದರೂ ಒಮ್ಮೆ ಬೆಂಗಳೂರಿನ ಎಸ್.ಪಿ. ರೋಡಿಗೋ ನಿಮ್ಮ ಊರಿನ ಕಂಪ್ಯೂಟರ್ ಅಂಗಡಿಗೋ ಹೋಗಿ ಕಣ್ಣಾರೆ ನೋಡಿ. ಅಂಗಡಿಯವರು ಓಡಿಸುವ ಬಣ್ಣಬಣ್ಣದ ಮೀನು, ಜಲಪಾತದ ವಿಡಿಯೊದಲ್ಲಿ ಎಲ್ಲ ಮಾನಿಟರೂ ಚೆನ್ನಾಗೇ ಕಾಣುತ್ತವೆ. ನಿಮ್ಮ ಲ್ಯಾಪ್‌ಟಾಪ್, ನಿಮ್ಮದೇ ಕೇಬಲ್ ಒಯ್ಯಿರಿ. ನೀವು ದಿನಾ ಓದುವಂಥ ಒಂದು ಕನ್ನಡ ಪಿಡಿಎಫ್ ತೆರೆದು, ಜೂಮ್ 100ರಲ್ಲೇ ಇಟ್ಟು, ಮನೆಯಲ್ಲಿ ಕೂರುವಷ್ಟೇ ದೂರದಲ್ಲಿ ಕೂತು ಎರಡು ಪುಟ ಓದಿ. ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಬಿಲ್ ಹಾಕಿಸಿ.