ಐದು ಲೀಟರಿನ ಕೋಲ್ಡ್ ಬ್ರೂ ಜಾಡಿ: ಒಂದು ಬೇಸಿಗೆಯ ಅನುಭವ

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡ, ಒಳಗೆ ಸ್ಟೀಲ್ ಜಾಲರಿಯಿರುವ 5 ಲೀಟರಿನ ಗಾಜಿನ ಜಾಡಿಯಲ್ಲಿ ಈ ಬೇಸಿಗೆಯಿಡೀ ಕೋಲ್ಡ್ ಬ್ರೂ, ಅಂದರೆ ಕಾಫಿಪುಡಿಯನ್ನು ತಣ್ಣೀರಿನಲ್ಲಿ ಗಂಟೆಗಟ್ಟಲೆ ನೆನೆಸಿ ತೆಗೆಯುವ ಕಾಫಿ, ಮಾಡಿದ್ದೇನೆ. 500 ಗ್ರಾಂ ಪುಡಿಗೆ 4 ಲೀಟರ್ ತಣ್ಣೀರು ಸುರಿದು, ಫ್ರಿಜ್ಜಿನಲ್ಲಿ 16 ಗಂಟೆ ಇಟ್ಟು ಸೋಸಿದರೆ, ಚರಟವೇ ಒಂದು ಲೀಟರಿನಷ್ಟು ನೀರು ಹೀರಿಕೊಳ್ಳುವುದರಿಂದ, ಸುಮಾರು 3 ಲೀಟರ್ ಡಿಕಾಕ್ಷನ್ ದಕ್ಕುತ್ತದೆ. ಅದಕ್ಕೆ ಸಮಪಾಲು ನೀರನ್ನೋ ಹಾಲನ್ನೋ ಬೆರೆಸಿ ಕುಡಿಯಬಹುದು.

ನಮ್ಮ ಮನೆಗಳ ಫಿಲ್ಟರ್ ಪುಡಿ ಇದಕ್ಕೆ ಸಲ್ಲದು. ಮೊದಲ ಸಲ ಅದನ್ನೇ ಹಾಕಿ, ಜಾಲರಿಯಿಂದ ನುಸುಳಿದ ಗಸಿಯನ್ನು ಪಂಚೆಬಟ್ಟೆಯಲ್ಲಿ ಮತ್ತೆ ಸೋಸಬೇಕಾಯಿತು. ಬೀಜವನ್ನು ದಪ್ಪ ರವೆಯಂತೆ ತರಿತರಿಯಾಗಿ, ಚಿಕೋರಿ ಸೇರಿಸದೆ ಬೀಸಿಸಿಕೊಳ್ಳಬೇಕು. ಗಿರಣಿಯವರು ‘ಚಿಕೋರಿ ಬೇಡವೇ?’ ಎಂದು ಎರಡು ಬಾರಿ ಕೇಳಿದರು. ಜಾಡಿಯ ನಲ್ಲಿ ಮಾತ್ರ ಎರಡನೇ ವಾರಕ್ಕೇ ತೊಟ್ಟಿಕ್ಕತೊಡಗಿದ್ದು, ಈಗ ಸೌಟಿನಿಂದಲೇ ತೋಡುತ್ತಿದ್ದೇನೆ.