ಹಳೇ ಚಿತ್ರಗಳಲ್ಲಿ ಕವಚ ಹುಡುಕೋರಿಗೆ 6×16 ಮಾನೋಕ್ಯುಲರ್

ಹಳೇ ಭಾವಚಿತ್ರಗಳಲ್ಲಿ ಯಾರು ಯಾವ ದೇಶದ ಕವಚ ತೊಟ್ಟಿದ್ದಾರೆ ಅಂತ ಹುಡುಕುವ ಹುಚ್ಚು ನಿಮಗೂ ಇದೆಯಾ? ಹಾಗಿದ್ದರೆ ಈ ಪುಟ್ಟ ಮಾನೋಕ್ಯುಲರ್, ಅಂದರೆ ಒಂದೇ ಕಣ್ಣಿಗೆ ಹಿಡಿಯುವ ದುರ್ಬೀನು, ತಗೊಳ್ಳಿ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲೂ ಮೈಸೂರಿನ ಜಗನ್ಮೋಹನ ಅರಮನೆಯಲ್ಲೂ ಬಳಸಿದ್ದೇನೆ, ಎರಡೂ ಕಡೆ ತುಂಬಾ ಇಷ್ಟವಾಯಿತು.

6 ಅಂದರೆ ಆರು ಪಟ್ಟು ಹತ್ತಿರ ಕಾಣುತ್ತದೆ, 16 ಅಂದರೆ ಮುಂದಿನ ಗಾಜಿನ ಅಗಲ 16 ಮಿಲಿಮೀಟರ್. ಅಂಗಡಿಗೆ ಹೋದರೆ ಮೊದಲು 10×25 ತೋರಿಸುತ್ತಾರೆ. ಹಕ್ಕಿ ನೋಡೋಕೆ ಅದು ಸರಿ, ಚಿತ್ರಕ್ಕೆ ಬೇಡ. ಪಟ್ಟು ಜಾಸ್ತಿಯಾದಷ್ಟೂ ಕೈ ನಡುಕವೂ ಜಾಸ್ತಿ ಕಾಣುತ್ತದೆ, ಜೊತೆಗೆ ಅಂಥವುಗಳಲ್ಲಿ ಎಷ್ಟೋ ದುರ್ಬೀನು ಹತ್ತಿರದ ಗೋಡೆಗೆ ಫೋಕಸ್ಸೇ ಆಗುವುದಿಲ್ಲ.

ದರಿಯಾ ದೌಲತ್‌ನ ಪಶ್ಚಿಮದ ಗೋಡೆಯಲ್ಲಿ ಹೈದರ್, ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನದ ಚಿತ್ರ ಇದೆಯಲ್ವಾ, ಬರಿಗಣ್ಣಿಗೆ ಅದು ಬರೀ ಜನ, ಕುದುರೆ, ಹೊಗೆ. ಲೆನ್ಸ್ ಹಿಡಿದರೆ ಪಲ್ಲಕ್ಕಿಯಲ್ಲಿ ಬೆರಳು ಕಚ್ಚಿಕೊಂಡು ಕೂತ ಬ್ರಿಟಿಷ್ ಪಡೆಯ ನಾಯಕ ಕರ್ನಲ್ ಬೈಲಿ ಸಿಗುತ್ತಾನೆ. ಆ ಹೊತ್ತಿಗೆ ಬ್ರಿಟಿಷ್ ಕಾಲಾಳು ಕವಚ ಬಿಟ್ಟಾಗಿತ್ತು. ಅಧಿಕಾರಿಗಳ ಕತ್ತಿನ ಕೆಳಗೆ ಅರ್ಧಚಂದ್ರದ ಆಕಾರದ ಲೋಹದ ಬಿಲ್ಲೆ, ಗಾರ್ಜೆಟ್, ಅಷ್ಟೇ ಉಳಿದಿತ್ತು, 1830ರಲ್ಲಿ ಅದೂ ಹೋಯಿತು. ಅದಕ್ಕೇ ಬ್ರಿಟಿಷ್ ಅಧಿಕಾರಿಯ ಭಾವಚಿತ್ರ ಸಿಕ್ಕರೆ ನಾನು ಮುಖಕ್ಕಿಂತ ಮೊದಲು ಕತ್ತು ನೋಡುತ್ತೇನೆ. ಒಂದು ಎಚ್ಚರಿಕೆ: ಈ ಗೋಡೆಗಳಿಗೆ ಆಮೇಲೆ, ಬ್ರಿಟಿಷ್ ಗವರ್ನರ್ ಜನರಲ್ ಡಾಲ್‌ಹೌಸಿಯ ಕಾಲದಲ್ಲೂ, ಮತ್ತೆ ಬಣ್ಣ ಬಳಿದಿದ್ದಾರೆ. ಉಡುಪಿನ ಪ್ರತಿ ಗೆರೆಯೂ ಟಿಪ್ಪುವಿನ ಕಾಲದ್ದೇ ಅಂದುಕೊಳ್ಳಬೇಡಿ.

ಕವಚ ಗುರುತಿಸುವಾಗ ಹೊಳಪಿಗೆ ಮರುಳಾಗಬೇಡಿ. ಪಟ್ಟಿ, ಅಂಚು, ಮೂಗಿನ ಜಾಗ ನೋಡಿ. ಎದೆ, ಬೆನ್ನು, ಎರಡು ಪಕ್ಕೆಗೆ ಒಂದೊಂದು ಫಲಕ, ಪಟ್ಟಿಯಿಂದ ಬಿಗಿದು, ಸಂದಿಯಲ್ಲಿ ಕಬ್ಬಿಣದ ಬಳೆಗಳ ಅಂಗಿ ಇಣುಕಿದರೆ ಅದು ಇರಾನ್ ಅಥವಾ ಮೊಗಲರ ಕಡೆಯ ಚಹಾರ್ ಆಯಿನಾ. ಎದೆಯ ನಡುವೆ ಏಣು ಎದ್ದ ಒಂದೇ ದೊಡ್ಡ ಫಲಕ ಇದ್ದರೆ ಹೆಚ್ಚಾಗಿ ಯೂರೋಪಿನದು. ಮೀನಿನ ಪೊರೆಯಂತೆ ಒಂದರ ಮೇಲೊಂದು ಬಿದ್ದ ಬಿಲ್ಲೆಗಳಿದ್ದರೆ ಪೋಲೆಂಡ್ ನೆನಪಿಸಿಕೊಳ್ಳಿ. 1683ರಲ್ಲಿ ವಿಯೆನ್ನಾ ಕಾಪಾಡಿದ ದೊರೆ ಯಾನ್ ಸೋಬಿಯೆಸ್ಕಿಯ ಭಾವಚಿತ್ರಗಳಲ್ಲಿ ಈ ಕರಾಸೇನಾ ಕಾಣುತ್ತದೆ. ಶಿರಸ್ತ್ರಾಣ ಇನ್ನೂ ಕಷ್ಟ. ಕತ್ತಿನ ಹಿಂದೆ ಪದರ ಪದರ ಫಲಕ, ಮುಂದೆ ಜಾರುವ ಮೂಗುಕಂಬಿ ಇರುವ ಟೋಪಿಯನ್ನು 17ನೇ ಶತಮಾನದ ಯೂರೋಪಿನವರು ತೊಟ್ಟರೂ ಅದರ ಮೂಲ ತುರ್ಕಿ.

ಕವಚ ಗೊತ್ತಾಯಿತು ಅಂತ ತೊಟ್ಟವನ ಊರೂ ಗೊತ್ತಾಯಿತು ಅನ್ನಬೇಡಿ. ಡಚ್ ಚಿತ್ರಕಾರ ರೆಂಬ್ರಾಂಟ್ ದಿವಾಳಿಯಾದಾಗ, 1656ರಲ್ಲಿ, ಅವನ ಮನೆ ಸಾಮಾನಿನ ಪಟ್ಟಿ ಮಾಡಿದರು. ಅದರಲ್ಲಿ ಜಪಾನಿನ ಶಿರಸ್ತ್ರಾಣವೂ ಇತ್ತು. ಕಲಾವಿದರ ಮನೆಯಲ್ಲಿ ಇಂಥವು ಸುಮ್ನೆ ಇದ್ದೇ ಇರುತ್ತಿದ್ದವು, ಯಾರಿಗೆ ಬೇಕಾದರೂ ತೊಡಿಸಿ ಬರೆಯಬಹುದಿತ್ತು.

ಇನ್ನು ಕೊರತೆಗಳು. ಕನ್ನಡಕ ಹಾಕಿಕೊಂಡೇ ನೋಡಿದರೆ ಚಿತ್ರದ ಸುತ್ತಲಿನ ಭಾಗ ಕಾಣುವುದಿಲ್ಲ. ದರಿಯಾ ದೌಲತ್‌ನ ಜಗಲಿಯ ಮಬ್ಬು ಬೆಳಕಿನಲ್ಲಿ ಸ್ವಲ್ಪ ಕಪ್ಪಾಗಿಯೇ ಕಾಣುತ್ತದೆ, ಬಿಸಿಲು ಚೆನ್ನಾಗಿರುವ ಹೊತ್ತಿಗೆ ಹೋಗಿ. ನನ್ನದರಲ್ಲಿ ಗಾಢ ಅಂಚುಗಳ ಸುತ್ತ ತೆಳು ನೇರಳೆ ಗೆರೆ ಬರುತ್ತದೆ. ಲೋಹದ ಬಣ್ಣ ನೋಡುವಾಗ ಇದು ನಿಜಕ್ಕೂ ತೊಂದರೆ. ಗಾಜು ಹಾಕಿದ ಚಿತ್ರಕ್ಕೆ ಸ್ವಲ್ಪ ಓರೆಯಾಗಿ ನಿಂತರೆ ಪ್ರತಿಬಿಂಬ ತಪ್ಪುತ್ತದೆ.

ಕೊಳ್ಳುವ ಮೊದಲು ಒಂದು ನೋಟನ್ನು ಮೇಜಿನ ಮೇಲಿಟ್ಟು, ಒಂದು ಅಡಿ ದೂರದಿಂದ ಫೋಕಸ್ ಮಾಡಿ. ಸಣ್ಣ ಅಕ್ಷರ ಓದಲು ಬಂದರೆ ತಗೊಳ್ಳಿ, ಬರದಿದ್ದರೆ ಎಷ್ಟೇ ಅಗ್ಗವಾಗಿದ್ದರೂ ಬಿಡಿ.